ಭಾವನ ಸೊಂಟದ ಗುಂಡು

ಕಳೆದ ವರ್ಷ ಫೆಬ್ರವರಿಯ ಮೊದಲ ಗುರುವಾರ ಮಧ್ಯಾಹ್ನ ನಾನು ಛತ್ರಪತಿ ಸಂಭಾಜಿನಗರದ ಒಂದು ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಆಪರೇಷನ್ ಥಿಯೇಟರಿನ ಹೊರಬಾಗಿಲ ಎಡಕ್ಕೆ, ಚಪ್ಪಲಿ ಬಿಡುವ ಗೂಡಿನ ಪಕ್ಕ ನಿಂತಿದ್ದೆ. ನನ್ನ ಬಲಗಡೆ ಅಕ್ಕ ನಿಂತಿದ್ದಳು. ಒಳಗೆ ಮೇಜಿನ ಮೇಲಿದ್ದವರು ಅವಳ ಗಂಡ, ನನ್ನ ಭಾವ. ಸುಮಾರು ಹತ್ತು ವರ್ಷದ ಹಿಂದೆ ಅವರ ಬಲ ಸೊಂಟದ ಕೀಲನ್ನು ಬದಲಿಸಿದ್ದರು. ಹಾಗೆ ಹಾಕಿದ್ದ ಕೀಲು ಈಗ ಸವೆದಿತ್ತು. ಅದನ್ನು ತೆಗೆದು ಇನ್ನೊಂದನ್ನು ಹಾಕಬೇಕಾಗಿತ್ತು.

ನಾನು ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಕೇಳಿ ತಿಳಿದದ್ದು ಬಂದಾಗ ಕೇಳಿದ್ದು ಎಂದೇ ಹೇಳುತ್ತೇನೆ.

ಬಾಗಿಲಿಗೆ ಎರಡು ಕದ. ಬಲಗಡೆಯ ಕದ ತೆರೆಯಿತು. ನರ್ಸ್ ಒಬ್ಬಳು ಕೈಯಲ್ಲಿ ಸ್ಟೀಲಿನ ಟ್ರೇ ಹಿಡಿದು ಹೊರಬಂದಳು. ಅವಳ ಹಿಂದೆ ಸರ್ಜನ್ ಬಂದರು. ಮುಖದ ಮುಸುಕನ್ನು ಗಲ್ಲಕ್ಕೆ ಇಳಿಸಿಕೊಂಡಿದ್ದರು. ದೇಹದಿಂದ ತೆಗೆದದ್ದನ್ನು ಮನೆಯವರಿಗೆ ತೋರಿಸುವ ರೂಢಿ ಇಲ್ಲಿನ ಆಸ್ಪತ್ರೆಗಳಲ್ಲಿ ಉಂಟು. ಪಿತ್ತಕೋಶದ ಕಲ್ಲಾದರೂ ತೋರಿಸುತ್ತಾರೆ, ಮುರಿದ ಸ್ಕ್ರೂ ಆದರೂ ತೋರಿಸುತ್ತಾರೆ. ಆದ್ದರಿಂದ ಟ್ರೇ ನೋಡಿ ನನಗೆ ಆಶ್ಚರ್ಯವಾಗಲಿಲ್ಲ.

ಟ್ರೇಯಲ್ಲಿ ಮೂರು ವಸ್ತುಗಳಿದ್ದವು. ಒಂದು, ಸಣ್ಣ ನಿಂಬೆಹಣ್ಣಿನಷ್ಟು ದೊಡ್ಡ ಲೋಹದ ಗುಂಡು. ಅದರ ಬಹುಪಾಲು ಆಗಷ್ಟೇ ಹುಣಸೆಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆಯಂತೆ ಹಳದಿಯಾಗಿ ಹೊಳೆಯುತ್ತಿತ್ತು. ಒಂದು ಕಡೆ ಮಾತ್ರ, ಹೆಬ್ಬೆರಳು ಒತ್ತಿದಷ್ಟು ಜಾಗದಲ್ಲಿ, ಹಳದಿ ಹೋಗಿ ಬೂದು ಬಣ್ಣ ಕಾಣುತ್ತಿತ್ತು. ಆ ಬೂದು ಜಾಗದ ಅಂಚು ನೇರವಾಗಿರಲಿಲ್ಲ, ಹಳೆಯ ಗೋಡೆಯ ಸುಣ್ಣ ಎದ್ದ ಹಾಗಿತ್ತು. ಎರಡನೆಯದು ಬಿಳಿ ಪ್ಲಾಸ್ಟಿಕ್ಕಿನ ಬಟ್ಟಲು. ಒಂದು ಬದಿ ದಪ್ಪ, ಇನ್ನೊಂದು ಬದಿ ಎಷ್ಟು ತೆಳುವೆಂದರೆ ಟ್ಯೂಬ್‌ಲೈಟಿನ ಬೆಳಕು ಅದರೊಳಗಿಂದ ಕಾಣುತ್ತಿತ್ತು. ಮೂರನೆಯದು ಹತ್ತಿಬಟ್ಟೆಯ ಮೇಲೆ ಇಟ್ಟಿದ್ದ ಒದ್ದೆಯಾದ ಕಪ್ಪು ಮುದ್ದೆ. ಬಾಣಲೆಯ ತಳದ ಮಸಿಗೆ ಎಣ್ಣೆ ಕಲಸಿದಂತೆ ಇತ್ತು.

"ಇದೇನು, ಕೊಳೆಯಾ?" ಎಂದು ಅಕ್ಕ ಮರಾಠಿಯಲ್ಲಿ ಕೇಳಿದಳು.

"ಅಲ್ಲ, ಮಾಂಸ" ಎಂದರು ಸರ್ಜನ್. "ಲೋಹದ ಪುಡಿ ಕುಡಿದು ಕಪ್ಪಾಗಿದೆ."

ಅಕ್ಕ ಗೋಡೆಗೆ ಕೈ ಕೊಟ್ಟಳು. ಸರ್ಜನ್ ಗುಂಡನ್ನು ತೋರಿಸುತ್ತ, "ಇದು ಬಿಡಿ, ಇನ್ನೊಂದು ಸಿಗುತ್ತದೆ. ಬಟ್ಟಲಿನ ಹಿಂದೆ ಮೂಳೆ ಎಷ್ಟು ಉಳಿದಿದೆ ಎನ್ನುವುದು ಪ್ರಶ್ನೆ. ತೊಳೆದು ನೋಡಿ ಬಂದು ಹೇಳುತ್ತೇನೆ" ಎಂದು ಒಳಗೆ ಹೋದರು. ಕದ ಮುಚ್ಚಿತು.

ಮೂಳೆ ಸಾಕಷ್ಟು ಉಳಿದಿದ್ದರೆ ಹೊಸ ಕೀಲು ಕೂರುತ್ತದೆ, ಭಾವ ತಮ್ಮ ಕಾಲಿನ ಮೇಲೆ ನಿಲ್ಲುತ್ತಾರೆ. ಉಳಿದಿಲ್ಲದಿದ್ದರೆ ಕೀಲಿನ ಜಾಗವನ್ನು ಖಾಲಿ ಬಿಟ್ಟು ಹೊಲಿಯಬೇಕು. ಕಾಲು ಗಿಡ್ಡವಾಗಿ ಜೋತುಬೀಳುತ್ತದೆ. ಮುಂದೆ ಎಂದಾದರೂ ಮತ್ತೆ ಪ್ರಯತ್ನಿಸಬಹುದು, ಪ್ರಯತ್ನಿಸದೆಯೂ ಇರಬಹುದು. ಇಷ್ಟನ್ನು ನಮಗೆ ಮೊದಲೇ ಬಿಡಿಸಿ ಹೇಳಿದ್ದರು.

ಅಲ್ಲಿಗೆ ಹೇಗೆ ಬಂದೆವು ಎನ್ನುವುದನ್ನು ಮೊದಲಿನಿಂದ ಹೇಳಬೇಕು.

ನಮ್ಮದು ಕುಂದಾಪುರದ ಕಡೆಯ ಕುಟುಂಬ. ಭಾವ ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಗಿರಾಕಿಗಳಿಗೆಲ್ಲ ಅವರು 'ಅಣ್ಣಾ'. ನಾನು ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ನಾಸಿಕಕ್ಕೆ ಬಂದು, ಆಮೇಲೆ ಔರಂಗಾಬಾದಿಗೆ ಹೋಗಿ, ಅಲ್ಲೇ ನಿವೃತ್ತನಾಗಿ ಉಳಿದವನು. ಆ ಊರಿನ ಹೆಸರು ಈಗ ಸಂಭಾಜಿನಗರ ಎಂದು ಬದಲಾಗಿದೆ, ನನ್ನ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ.

ಭಾವನ ಸೊಂಟದ ಮೂಳೆ ಸವೆದು ಮೊದಲ ಸಲ ಆಪರೇಷನ್ ಮಾಡಿದ್ದು ನಾಸಿಕದಲ್ಲಿ. ಅವರಿಗೆ ಸ್ಟೀಲಿನ ಗಡಿಯಾರದ ಪಟ್ಟಿ ಕಟ್ಟಿದರೆ ಕೈಯೆಲ್ಲ ಕೆಂಪಾಗಿ ತುರಿಸುತ್ತಿತ್ತು. ಇದನ್ನು ಕೇಳಿದ ಆಗಿನ ಡಾಕ್ಟರು, ಸಾದಾ ಲೋಹದ ಗುಂಡಿನಲ್ಲಿ ನಿಕ್ಕಲ್ ಇರುತ್ತದೆ, ನಿಮಗೆ ಲೇಪ ಹಾಕಿದ್ದು ಒಳ್ಳೆಯದು ಎಂದರು. ತೊಡೆಯ ಮೂಳೆಯೊಳಗೆ ಒಂದು ಲೋಹದ ಕಡ್ಡಿ, ಅದರ ತುದಿಗೆ ಲೇಪದ ಗುಂಡು, ಆ ಗುಂಡು ಆಡುವುದಕ್ಕೆ ಸೊಂಟದ ಕಡೆ ಪ್ಲಾಸ್ಟಿಕ್ಕಿನ ಬಟ್ಟಲು. ಲೇಪ ಟೈಟಾನಿಯಮ್ಮಿನದು. ಬಣ್ಣ ಬಂಗಾರದ್ದಾದರೂ ಅದರಲ್ಲಿ ಬಂಗಾರವಿಲ್ಲ. ತಲೆಗೂದಲಿಗಿಂತ ಎಷ್ಟೋ ತೆಳು.

ಹೋಟೆಲಿಗೆ ಊಟಕ್ಕೆ ಬರುವ ಕಾರ್ಖಾನೆಯ ಟೂಲ್‌ರೂಮಿನವನೊಬ್ಬ, "ಅಣ್ಣಾ, ನಮ್ಮ ಡ್ರಿಲ್ಲಿನ ಮೊನೆಗೆ ಹಾಕುವುದೂ ಇದನ್ನೇ. ಉಕ್ಕು ಕೊರೆದರೂ ಜಪ್ಪಯ್ಯ ಅನ್ನುವುದಿಲ್ಲ" ಎಂದಿದ್ದ. ಭಾವನಿಗೆ ಡಾಕ್ಟರ ಮಾತಿಗಿಂತ ಈ ಮಾತು ಹಿಡಿಸಿತು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಕ್ಕನನ್ನು ಛೇಡಿಸುವುದಕ್ಕೂ ಅದೇ ಆಯಿತು.

"ಮದುವೆಯಾದಾಗಿನಿಂದ ಸೊಂಟಕ್ಕೆ ಡಾಬು ಮಾಡಿಸ್ಲಿಲ್ಲ ಅಂತ ಹೇಳ್ತಾ ಇದ್ದಿಯಲ್ಲ? ನೋಡು, ನಾನೇ ಮಾಡಿಸಿಕೊಂಡೆ."

"ಒಳಗೆ ಹಾಕಿಕೊಂಡ ಡಾಬು ಯಾರಿಗೆ ಬೇಕು ಮಾರಾಯ್ರೆ? ಅಡವಿಡ್ಲಿಕ್ಕೂ ಆಗುದಿಲ್ಲ" ಎನ್ನುತ್ತಿದ್ದಳು ಅಕ್ಕ.

ಆಪರೇಷನ್ ಆದ ಮೊದಲ ಕೆಲವು ವಾರ ನಡೆಯುವಾಗ ಸೊಂಟದಲ್ಲಿ ಸಣ್ಣಗೆ ಟಕ್ ಟಕ್ ಎನ್ನುತ್ತಿತ್ತು. ಸುತ್ತಲಿನ ಸ್ನಾಯು ಹೊಂದಿಕೊಳ್ಳುವವರೆಗೆ ಹಾಗಿರುತ್ತದೆ ಎಂದು ಡಾಕ್ಟರು ಹೇಳಿದರು. ಭಾವ ಅದನ್ನು ತಮ್ಮ ಭಾಷೆಯಲ್ಲಿ ಅರ್ಥಮಾಡಿಕೊಂಡರು.

ಹೋಟೆಲಿನ ಅಡಿಗೆಮನೆಯಲ್ಲಿ ಹಿಟ್ಟು ಕಡೆಯುವ ದೊಡ್ಡ ಗ್ರೈಂಡರ್ ಇದೆ. ಕಲ್ಲಿನ ಗುಂಡಿ, ಅದರೊಳಗೆ ತಿರುಗುವ ಗುಂಡುಕಲ್ಲು. ಹೊಸ ಕಲ್ಲು ತಂದಾಗ ಅದರಲ್ಲಿ ನೇರ ಉದ್ದು ಹಾಕುವುದಿಲ್ಲ. ತೌಡು ಹಾಕಿ, ನೀರು ಬಿಟ್ಟು ತಿರುಗಿಸುತ್ತಾರೆ. ಕಲ್ಲಿನ ಪುಡಿಯೆಲ್ಲ ತೌಡಿಗೆ ಬರುತ್ತದೆ. ಆ ತೌಡನ್ನು ಎಸೆದು ಮತ್ತೆ ಹೊಸ ತೌಡು. ಎರಡು ಕಲ್ಲುಗಳೂ ಒಂದಕ್ಕೊಂದು ಒಗ್ಗುವವರೆಗೆ ಕರಕರ ಸದ್ದು ಇರುತ್ತದೆ. ಒಗ್ಗಿದ ಮೇಲೆ ಸದ್ದು ನಿಲ್ಲುತ್ತದೆ. ಇದಕ್ಕೆ ಕಲ್ಲು ಪಳಗಿಸುವುದು ಎನ್ನುತ್ತಾರೆ. ಕಲ್ಲಿನ ಮೈ ನುಣುಪಾದಾಗ ಉಳಿಯಿಂದ ಸಣ್ಣ ಗುಳಿ ಹೊಡೆಸುತ್ತಾರೆ. ಆಗಲೂ ಮತ್ತೊಮ್ಮೆ ಪಳಗಿಸಬೇಕು. ಸದ್ದು ಬಂದಿತೆಂದು ಗ್ರೈಂಡರ್ ನಿಲ್ಲಿಸುವ ಹೋಟೆಲಿನವನಿಲ್ಲ. ಸದ್ದು ಬಂದರೆ ಇನ್ನಷ್ಟು ಓಡಿಸುವುದೇ ಅವರ ಕ್ರಮ. ಭಾವ ಗಲ್ಲಾದಲ್ಲಿ ಕೂತು ಕೇಳಿಯೇ ಉದ್ದಿಗೆ ನೀರು ಕಡಿಮೆಯಾಯಿತೆಂದು ಕೂಗಿ ಹೇಳುವವರು. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ. ಅವರು ಹೇಳಿದ್ದು ತಪ್ಪುತ್ತಿರಲಿಲ್ಲ.

ಸೊಂಟದ ಟಕ್ ಟಕ್ ತಾನಾಗಿ ನಿಂತಾಗ ಅವರು, "ಪಳಗಿತು" ಎಂದರು. ಮನೆಯಲ್ಲಿ ಎಲ್ಲರೂ ಆ ಮಾತನ್ನು ಒಪ್ಪಿದರು. ನನಗೂ ಅದು ಸರಿಯಾದ ಮಾತಾಗಿ ಕೇಳಿತು.

ವರ್ಷಕ್ಕೊಮ್ಮೆ ಬಂದು ಎಕ್ಸ್‌ರೇ ತೆಗೆಸಬೇಕೆಂದು ಡಾಕ್ಟರು ಹೇಳಿದ್ದರು. ಎರಡು ವರ್ಷ ಹೋದರು. ಆಮೇಲೆ ಆ ಡಾಕ್ಟರು ತೀರಿಕೊಂಡರು. ಬೇರೆಯವರ ಹತ್ತಿರ ಹೋಗಿ ಎಂದು ಅಕ್ಕ ಹೇಳಿದರೆ, "ಸರಿಯಾಗಿ ಓಡುವ ಗ್ರೈಂಡರನ್ನು ಯಾರಾದರೂ ಬಿಚ್ಚಿ ನೋಡ್ತಾರಾ?" ಎಂದು ಭಾವ ಎದ್ದು ಹೋಗುತ್ತಿದ್ದರು. ನೋವು ಇರಲಿಲ್ಲ. ಬೆಳಿಗ್ಗೆಯಿಂದ ಗಲ್ಲಾ, ಅಡಿಗೆಮನೆ, ಉಗ್ರಾಣ ಎಂದು ಓಡಾಡುತ್ತಿದ್ದರು.

ಸದ್ದು ಮತ್ತೆ ಶುರುವಾದುದನ್ನು ನಾನು ಸ್ವತಃ ಕೇಳಿದ್ದೇನೆ. ಈ ಆಪರೇಷನ್ನಿಗೆ ಎರಡು ದೀಪಾವಳಿ ಮೊದಲು, ನಾಸಿಕದ ಹೋಟೆಲಿನಲ್ಲಿ, ಗಲ್ಲಾದ ಬಲಗಡೆಯ ಮೊದಲ ಮೇಜಿನಲ್ಲಿ ನಾನು ಕಾಫಿ ಕುಡಿಯುತ್ತಿದ್ದೆ. ಸಂಜೆಯ ಗಿರಾಕಿ ಇನ್ನೂ ಬಂದಿರಲಿಲ್ಲ. ಭಾವ ಕುರ್ಚಿಯಿಂದ ಎದ್ದರು. ಎದ್ದು ಅಡಿಗೆಮನೆಯ ಕಡೆ ತಿರುಗಿದಾಗ ಕರ್ರ್ ಎಂದಿತು. ಕುರ್ಚಿಯ ಕಾಲು ಇರಬೇಕೆಂದು ನಾನು ಕೆಳಗೆ ನೋಡಿದೆ. ಕುರ್ಚಿ ಅಲುಗಾಡಿರಲಿಲ್ಲ.

"ಭಾವ, ಅದು ನಿಮ್ಮ ಸೊಂಟವಾ?"

"ಹೂಂ. ಗಣಪತಿ ಹಬ್ಬದಿಂದ ಶುರುವಾಗಿದೆ. ಏನಿಲ್ಲ, ಮತ್ತೊಮ್ಮೆ ಪಳಗ್ತಾ ಉಂಟು."

"ಒಮ್ಮೆ ತೋರಿಸುವುದಲ್ವಾ?"

"ತೋರಿಸಿದರೆ ಅವರು ಏನು ಹೇಳ್ತಾರೆ? ಬಿಚ್ಚುವ ಅಂತಾರೆ. ನಾವು ಕಲ್ಲಿಗೆ ಏನು ಮಾಡ್ತೇವೆ? ಓಡಿಸ್ತೇವೆ."

ಅವರು ಅದನ್ನೇ ಮಾಡಿದರು. ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆಸಿದ ಮೇಲೆ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಒಂದು ದೊಡ್ಡ ಸುತ್ತು ನಡೆಯತೊಡಗಿದರು. ಮೊದಲು ನಡೆಯುವ ಅಭ್ಯಾಸ ಇದ್ದವರಲ್ಲ. ಸದ್ದು ಹೆಚ್ಚಾದ ದಿನ ಸುತ್ತನ್ನೂ ಹೆಚ್ಚು ಮಾಡುತ್ತಿದ್ದರಂತೆ. ಇದನ್ನು ನಾನು ನೋಡಿಲ್ಲ, ಅಕ್ಕ ಹೇಳಿದ್ದು. ಕೆಲವು ತಿಂಗಳಾದ ಮೇಲೆ ಸದ್ದು ನಿಂತಿತು. ಆ ದಿನ ನನಗೆ ಫೋನು ಬಂತು.

"ಕೇಳು, ಈಗ ಏನಾದರೂ ಕೇಳಿಸ್ತದಾ?" ಎಂದು ಭಾವ ಫೋನನ್ನು ಸೊಂಟದ ಹತ್ತಿರ ಹಿಡಿದು ಆಚೀಚೆ ನಡೆದರು. ಹೋಟೆಲಿನ ತಟ್ಟೆಗಳ ಸದ್ದು ಬಿಟ್ಟರೆ ನನಗೆ ಬೇರೇನೂ ಕೇಳಿಸಲಿಲ್ಲ. "ಮತ್ತೆ? ನಾನು ಹೇಳ್ಲಿಲ್ವಾ?" ಎಂದು ನಕ್ಕರು. ಆ ದಿನ ಹೋಟೆಲಿನಲ್ಲಿ ಎಲ್ಲ ಗಿರಾಕಿಗಳಿಗೂ ಕೇಸರಿಬಾತು ಹಂಚಿದರಂತೆ.

ಮುಂದಿನದನ್ನು ಕಂಡುಹಿಡಿದವಳು ಅಕ್ಕ. ಭಾವನ ಪ್ಯಾಂಟಿನ ಬಲಗಾಲು ನೆಲಕ್ಕೆ ತಾಗುತ್ತಿತ್ತು. ಒಗೆಯುವಾಗ ಅಂಚು ಹರಿದಿರುವುದು ಕಂಡು ಅವಳು ಮಡಿಸಿ ಹೊಲಿದಳು. ಸ್ವಲ್ಪ ಕಾಲದಲ್ಲಿ ಅದೇ ಪ್ಯಾಂಟು ಮತ್ತೆ ತಾಗತೊಡಗಿತು. ಬೇರೆ ಪ್ಯಾಂಟುಗಳೂ ತಾಗುತ್ತಿದ್ದವು, ಎಲ್ಲವೂ ಬಲಗಾಲಿನಲ್ಲೇ. ಅವಳು ನನಗೆ ಫೋನು ಮಾಡಿದಳು.

"ಬಟ್ಟೆ ಒಗೆದರೆ ಗಿಡ್ಡ ಆಗ್ತದೆ, ಉದ್ದ ಆಗುದುಂಟಾ? ಇವರ ಕಾಲೇ ಗಿಡ್ಡ ಆಗ್ತಾ ಉಂಟು. ನೀನು ಒಮ್ಮೆ ಬಾ."

ನಾನು ಮರುದಿನವೇ ನಾಸಿಕಕ್ಕೆ ಹೋದೆ. ಅಕ್ಕನ ಮಗಳು ಕೆಲಸಕ್ಕೆ ರಜೆ ಹಾಕಿದ್ದಳು. ನಾಸಿಕದಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾವು ಆಡುವ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಭಾವನನ್ನು ಹೊರಡಿಸಿ ಎಕ್ಸ್‌ರೇಗೆ ಕರೆದುಕೊಂಡು ಹೋಗಲು ಇಡೀ ಬೆಳಿಗ್ಗೆ ಬೇಕಾಯಿತು. ಕಂಪ್ಯೂಟರಿನ ಪರದೆಯಲ್ಲಿ ಅಲ್ಲಿನ ಡಾಕ್ಟರು ತೋರಿಸಿದ್ದನ್ನು ನಾನು ನೋಡಿದೆ. ಗುಂಡು ಬಟ್ಟಲಿನ ನಡುವೆ ಇರಬೇಕಾಗಿತ್ತು. ಅದು ಮೇಲಕ್ಕೆ ಏರಿ ಬಟ್ಟಲಿನ ಅಂಚಿಗೆ ಹತ್ತಿಕೊಂಡಿತ್ತು. ಬಟ್ಟಲಿನ ಹಿಂದೆ ಬಿಳಿಯಾಗಿ ಕಾಣಬೇಕಾದ ಮೂಳೆಯಲ್ಲಿ ಕಪ್ಪು ಮಚ್ಚೆಗಳಿದ್ದವು. ಅವು ಮೂಳೆ ಇಲ್ಲದ ಜಾಗ ಎಂದು ಅವರು ಹೇಳಿದರು.

ಮನೆಗೆ ಬಂದ ಮೇಲೆ ಭಾವ ಊಟ ಮಾಡಿದರು. ಕೈ ತೊಳೆದು ಬಂದು, "ನೋವಿಲ್ಲ. ಸದ್ದೂ ನಿಂತಿದೆ. ನಾನು ಎಲ್ಲಿಗೂ ಬರುದಿಲ್ಲ" ಎಂದರು.

"ಭಾವ, ಫೋಟೋ ನೋಡಿದಿರಲ್ಲ."

"ಫೋಟೋದಲ್ಲಿ ನನ್ನ ಮುಖವೂ ಸರಿ ಬರುದಿಲ್ಲ ಮಾರಾಯ."

ಅಕ್ಕ ಅಳಲಿಲ್ಲ. ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು. ಆಗ ಮಗಳು ಮಾತಾಡಿದಳು. ಅವಳು ಮರಾಠಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಪಪ್ಪಾ, ಹೊಸ ಕಲ್ಲು ಓಡಿಸುವಾಗ ತೌಡು ಹಾಕುತ್ತೀರಿ. ಯಾಕೆ?"

"ಪುಡಿ ಬರ್ತದಲ್ಲ, ಅದಕ್ಕೆ."

"ಆ ತೌಡನ್ನು ಏನು ಮಾಡುತ್ತೀರಿ?"

"ಎಸೀತೇನೆ. ಅದನ್ನು ಯಾರು ತಿಂತಾರೆ?"

"ಹಾಗಾದರೆ ಇಲ್ಲಿ ಬಂದ ಪುಡಿ?" ಎಂದು ಅವಳು ಅಪ್ಪನ ಸೊಂಟದ ಕಡೆ ಕೈ ತೋರಿಸಿದಳು. "ಅದನ್ನು ಎಲ್ಲಿ ಎಸೆದಿದ್ದೀರಿ?"

ಭಾವ ಬಲಗೈಯನ್ನು ಸೊಂಟದ ಮೇಲೆ ಇಟ್ಟುಕೊಂಡರು. ಆಮೇಲೆ, "ಯಾವಾಗ ಹೋಗುದು?" ಎಂದು ನನ್ನನ್ನು ಕೇಳಿದರು.

ಹಾಕಿದ ಕೀಲನ್ನು ತೆಗೆದು ಮತ್ತೆ ಹಾಕುವುದು ಮೊದಲ ಸಲದ ಕೆಲಸಕ್ಕಿಂತ ಕಷ್ಟ. ಎಲ್ಲರೂ ಮಾಡುವುದಿಲ್ಲ. ನನ್ನ ಜೊತೆ ಬ್ಯಾಂಕಿನಲ್ಲಿದ್ದ ಒಬ್ಬರ ತಾಯಿಗೆ ಸಂಭಾಜಿನಗರದ ಸರ್ಜನ್ ಒಬ್ಬರು ಇದನ್ನು ಮಾಡಿದ್ದರು. ನನ್ನ ಮನೆಯೂ ನೆಲಮಹಡಿಯದು, ಮೆಟ್ಟಿಲಿಲ್ಲ. ಅಲ್ಲಿಗೇ ಹೋಗುವುದೆಂದಾಯಿತು.

ಕಾರನ್ನು ಹುಡುಗಿ ಓಡಿಸಿದಳು. ಭಾವ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ ಅರ್ಧ ಮಲಗಿದ್ದರು. ನಿಫಾಡಿನ ಹತ್ತಿರ ದ್ರಾಕ್ಷಿ ಕೊಯ್ಲು ನಡೆಯುತ್ತಿತ್ತು. ಕ್ರೇಟು ತುಂಬಿದ ಟೆಂಪೊಗಳ ಹಿಂದೆ ನಿಧಾನವಾಗಿ ಸಾಗಿದೆವು. ಪ್ರತಿ ಗುಂಡಿಗೂ ಭಾವ, "ಹೋಯ್, ಡಾಬು ಬೀಳ್ತದೆ, ನಿಧಾನ" ಎನ್ನುತ್ತಿದ್ದರು. ಯೇವಲಾದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಎದುರಿನ ಪೈಠಣಿ ಸೀರೆಯ ಅಂಗಡಿ ನೋಡಿ ಬರುತ್ತೇವೆಂದು ಅಕ್ಕ ಮತ್ತು ಮಗಳು ಇಳಿದರು. ಅಕ್ಕನಿಗೆ ಸೀರೆ ಬೇಕಾಗಿರಲಿಲ್ಲ, ಕಾಲು ಬಿಡಿಸಿಕೊಳ್ಳಬೇಕಾಗಿತ್ತು. ಕಾರಿನಲ್ಲಿ ನಾವಿಬ್ಬರೇ ಉಳಿದೆವು.

ಭಾವ ಒಂದು ಗುಟುಕು ಕುಡಿದು, "ಸಕ್ಕರೆ ಪಾನಕ" ಎಂದು ಲೋಟವನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ನನ್ನನ್ನು ನೋಡದೆ ಹೇಳಿದರು:

"ಗಲ್ಲಾದಲ್ಲಿ ಕೂರ್ಲಿಕ್ಕೆ ಒಂದು ಕಾಲು ಸಾಕು. ಆದರೆ ಅಡಿಗೆಮನೆಗೆ ನಿಂತೇ ಹೋಗಬೇಕು ಮಾರಾಯ. ನಾನು ಒಳಗೆ ಹೋಗ್ಲಿಕ್ಕೆ ಆಗದಿದ್ದರೆ ಅದು ನನ್ನ ಹೋಟೆಲಲ್ಲ. ಬೇರೆ ಯಾರದೋ ಹೋಟೆಲಿನ ಬಾಗಿಲಲ್ಲಿ ನಾನು ಕೂತ ಹಾಗೆ."

"ನಿಲ್ತೀರಿ ಭಾವ."

"ನಿನಗೆ ಹೇಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ. ಹಾಗೆಂದು ಹೇಳಿದೆ. ಅವರು ತಲೆಯಾಡಿಸಿದರು. ಸುಳ್ಳು ಹೇಳದಿದ್ದುದು ಅವರಿಗೆ ಸರಿಯೆನಿಸಿತೆಂದು ನನಗೆ ಅನಿಸಿತು.

ಸಂಭಾಜಿನಗರದ ಸರ್ಜನ್ ಸ್ಕ್ಯಾನು ಮಾಡಿಸಿ, ನಮ್ಮನ್ನು ಕೂರಿಸಿ, ಆಗಿರಬಹುದಾದದ್ದನ್ನು ವಿವರಿಸಿದರು. ಲೇಪ ಗಟ್ಟಿ, ಅದರ ಕೆಳಗಿನ ಲೋಹ ಅಷ್ಟು ಗಟ್ಟಿಯಲ್ಲ. ಯಾವುದೋ ಒಂದು ಕಣ, ಮೂಳೆಯ ಚೂರೋ ಇನ್ನೇನೋ, ಗುಂಡಿಗೂ ಬಟ್ಟಲಿಗೂ ನಡುವೆ ಸಿಕ್ಕಿ ಗೀರು ಬಿದ್ದಿರಬೇಕು. ಗೀರಿನ ಅಂಚಿನಲ್ಲಿ ಲೇಪ ಏಳುತ್ತದೆ. ಎದ್ದ ಚೂರು ಗಟ್ಟಿಯಾದ್ದರಿಂದ ಅದೇ ಮರಳಿನಂತೆ ಗುಂಡನ್ನೂ ಪ್ಲಾಸ್ಟಿಕ್ಕನ್ನೂ ಉಜ್ಜುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ಕಿನ ಪುಡಿಯನ್ನು ದೇಹ ತಿಂದು ಮುಗಿಸಲು ನೋಡುತ್ತದೆ. ಅದು ಮುಗಿಯುವುದಿಲ್ಲ, ಆ ಹೋರಾಟದಲ್ಲಿ ಪಕ್ಕದ ಮೂಳೆ ಕರಗುತ್ತದೆ.

"ಸದ್ದು ನಿಂತಿತ್ತಲ್ಲ ಡಾಕ್ಟರೆ?" ಎಂದು ಭಾವ ಕೇಳಿದರು.

"ಕೀಲಿನ ಸುತ್ತ ನೀರು ತುಂಬಿಕೊಂಡಿದೆ. ಅದಕ್ಕೇ ನಿಂತಿರಬಹುದು" ಎಂದರು ಅವರು. "ಸದ್ದು ಬಂದಾಗ ನೀವೇನು ಮಾಡಿದಿರಿ?"

"ನಡೆದೆ."

"ಎಷ್ಟು?"

"ಬಹಳ."

ಸರ್ಜನ್ ಬೈಯಲಿಲ್ಲ. ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಇದೇ ಲೇಪದ ಗುಂಡು ಹಾಕಿಸಿಕೊಂಡ ಅನೇಕರು ಆರಾಮವಾಗಿದ್ದಾರೆ, ಎಲ್ಲರಿಗೂ ಹೀಗಾಗುವುದಿಲ್ಲ ಎಂದರು. ಆದರೆ ಹಾಕಿದ್ದು ಯಾವುದಾದರೂ ಸವೆಯುತ್ತದೆ. ನೋವು ಬರುವ ಮೊದಲು ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ನೋಡುವುದು. ಭಾವ ತಲೆ ತಗ್ಗಿಸಿ ಕೇಳುತ್ತಿದ್ದರು. ಹೊರಗೆ ಬಂದು ವೀಲ್‌ಚೇರಿನಲ್ಲಿ ಕೂತ ಮೇಲೆ ಅಕ್ಕನಿಗೆ ಒಂದೇ ಮಾತು ಹೇಳಿದರು: "ನೀನು ಪ್ಯಾಂಟು ಹೊಲಿದದ್ದು ಒಳ್ಳೆದಾಯ್ತು."

ಇನ್ನು ಥಿಯೇಟರಿನ ಬಾಗಿಲು ಎರಡನೆಯ ಸಲ ತೆರೆದದ್ದು.

ಟ್ರೇ ಒಳಗೆ ಹೋದ ಮೇಲೆ ಅಕ್ಕನೂ ನಾನೂ ಅಲ್ಲೇ ನಿಂತಿದ್ದೆವು. ಹುಡುಗಿ ಕೆಳಗೆ ರಕ್ತದ ವ್ಯವಸ್ಥೆಗೆ ಹೋಗಿದ್ದಳು. ಗೂಡಿನಲ್ಲಿ ಯಾರದೋ ಚಪ್ಪಲಿಗಳು ತಲೆಕೆಳಗಾಗಿದ್ದವು, ಅಕ್ಕ ಬಗ್ಗಿ ಅವನ್ನು ಸರಿಮಾಡಿಟ್ಟಳು. ಬಲಗಡೆಯ ಕದ ಮತ್ತೆ ತೆರೆಯಿತು. ಈ ಸಲ ಸರ್ಜನ್ ಒಬ್ಬರೇ. ಒಳಗೆ ಇನ್ನೊಬ್ಬ ಡಾಕ್ಟರು ಗಾಯ ತೊಳೆಯುತ್ತಿದ್ದಾರೆಂದರು.

"ಮೇಲಿನ ಮೂಳೆ ಹೋಗಿದೆ. ಒಳಗಿನ ಗೋಡೆ ಕಾಗದದ ಹಾಗೆ ಇದೆ. ಈಗಲೇ ಹೊಸ ಬಟ್ಟಲು ಕೂರಿಸಲು ನೋಡಬಹುದು. ಕೂರಿಸುವಾಗ ಆ ಗೋಡೆ ಒಡೆದರೆ ಮುಂದೆ ಕೂರಿಸಲು ಏನೂ ಉಳಿಯುವುದಿಲ್ಲ. ಅಥವಾ ಈಗ ಮೂಳೆಯ ಚೂರು ತುಂಬಿ, ಖಾಲಿ ಬಿಟ್ಟು ಹೊಲಿದು, ಕೆಲವು ತಿಂಗಳ ಮೇಲೆ ಮತ್ತೆ ತೆರೆಯಬಹುದು. ಆದರೆ ಅವರ ಹೃದಯ ಅಷ್ಟು ಗಟ್ಟಿಯಿಲ್ಲ, ಇನ್ನೊಂದು ಅರಿವಳಿಕೆ ನನಗೆ ಇಷ್ಟವಿಲ್ಲ. ನೀವು ಹೇಳಿ."

ನಾನು ಅಕ್ಕನನ್ನು ನೋಡಿದೆ.

ಅಕ್ಕ ಕೇಳಿದಳು: "ಡಾಕ್ಟರೆ, ನೀವು ಬೆರಳಿಟ್ಟು ನೋಡಿದ್ದೀರಾ?"

"ನೋಡಿದ್ದೇನೆ."

"ಪೂರ್ತಿ ಸುತ್ತ?"

"ಪೂರ್ತಿ ಸುತ್ತ."

"ಬೆರಳಿಗೆ ಏನನಿಸಿತು?"

ಅವರು ಉತ್ತರ ಕೊಡುವ ಮೊದಲು ತಮ್ಮ ಬಲಗೈಯನ್ನು ನೋಡಿಕೊಂಡರು. ಅದನ್ನು ನಾನು ಸ್ಪಷ್ಟವಾಗಿ ಕಂಡೆ. "ಹಿಂದಿನ ಮೂಳೆಯ ಕಂಬ ಇದೆ" ಎಂದರು. "ಅದು ಗಟ್ಟಿ. ಅದಕ್ಕೆ ಸ್ಕ್ರೂ ಹಿಡಿಯುತ್ತದೆ ಅನಿಸುತ್ತದೆ."

"ಹಾಗಾದರೆ ಈಗಲೇ ಹಾಕಿ."

"ಒಡೆದರೆ?"

"ಒಡೆದರೆ ನಾನು ಹೇಳಿದ್ದಕ್ಕೆ ಒಡೆಯಿತು ಅಂತ ಅವರಿಗೆ ನಾನೇ ಹೇಳುತ್ತೇನೆ. ನೀವು ಹೋಗಿ."

ಅವರು ಹೋದರು. ಅಕ್ಕ ನೆಲದ ಮೇಲೆ, ಗೋಡೆಗೆ ಒರಗಿ ಕೂತುಬಿಟ್ಟಳು. ಬೆಂಚು ಇತ್ತು, ಅದರ ಮೇಲೆ ಕೂರಲಿಲ್ಲ. ಹುಡುಗಿ ಮೇಲೆ ಬಂದಾಗ ಅಮ್ಮನ ಪಕ್ಕ ತಾನೂ ನೆಲಕ್ಕೇ ಕೂತಳು. ಏನಾಯಿತೆಂದು ನಾನು ಹೇಳಿದೆ. ಅವಳು ಅಮ್ಮನ ಸೆರಗಿನ ತುದಿಯನ್ನು ಹಿಡಿದುಕೊಂಡಳು.

ಹೊರಗೆ ಬಿಸಿಲು ಇಳಿಯುತ್ತಿರುವಾಗ ಸರ್ಜನ್ ಬಂದು ಒಡೆಯಲಿಲ್ಲ ಎಂದರು. ಕರಗಿದ ಜಾಗಕ್ಕೆ ಮೂಳೆಯ ಚೂರು ತುಂಬಿ, ಮೇಲೊಂದು ಲೋಹದ ಬೆಣೆ ಇಟ್ಟು, ಹಿಂದಿನ ಕಂಬಕ್ಕೆ ಸ್ಕ್ರೂ ಹೊಡೆದು ಹೊಸ ಬಟ್ಟಲು ಕೂರಿಸಿದ್ದಾರೆ. ತೊಡೆಯೊಳಗಿನ ಹಳೆಯ ಕಡ್ಡಿ ಭದ್ರವಾಗಿದ್ದರಿಂದ ಅದನ್ನು ಬಿಟ್ಟಿದ್ದಾರೆ. ಈ ಸಲದ ಗುಂಡು ಪಿಂಗಾಣಿಯಂಥದ್ದು. ಲೇಪವಿಲ್ಲ, ಒಳಗೂ ಹೊರಗೂ ಒಂದೇ ವಸ್ತು. ಎಷ್ಟು ವರ್ಷ ಬರುತ್ತದೆಂದು ನಾನು ಕೇಳಿದೆ. "ಹೇಳಲಾರೆ" ಎಂದರು. "ಸ್ಕ್ರೂ ಹಿಡಿದಿದೆ. ಮೂಳೆ ಅದನ್ನು ಒಪ್ಪಿದೆಯೋ ಇಲ್ಲವೋ ಎನ್ನುವುದು ಅವರು ಭಾರ ಹಾಕಿ ನಿಂತ ದಿನ ಗೊತ್ತಾಗುತ್ತದೆ. ಅಲ್ಲಿಯವರೆಗೆ ಆ ಕಾಲು ನೆಲಕ್ಕೆ ಊರಬಾರದು."

ಭಾವ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಹಾಸಿಗೆಯ ಮೇಲೆ ಚಳಿಗಾಲವನ್ನು ಮುಗಿಸಿ ಬೇಸಿಗೆಗೆ ಬಂದರು. ಕೆಟ್ಟ ರೋಗಿಯಾಗಿದ್ದರು. ನನ್ನ ಹೆಂಡತಿಯ ಸಾಂಬಾರಿನಲ್ಲಿ ದಿನಕ್ಕೊಂದು ತಪ್ಪು ಹುಡುಕಿದರು. ಆದರೆ ಕಾಲನ್ನು ಒಮ್ಮೆಯೂ ನೆಲಕ್ಕೆ ಊರಲಿಲ್ಲ. ಓಡಿಸುವ ಮಾತು ಆಡಲಿಲ್ಲ. ವಾಕರ್ ಹಿಡಿದು ಎಡಗಾಲಿನ ಮೇಲೆ ಕುಪ್ಪಳಿಸುತ್ತ ಬಚ್ಚಲಿಗೆ ಹೋಗುವಾಗ ಬಲಗಾಲನ್ನು ಎತ್ತಿ ಹಿಡಿದಿರುತ್ತಿದ್ದರು.

ನಿಲ್ಲುವ ದಿನ ಬಂದದ್ದು ಏಪ್ರಿಲಿನಲ್ಲಿ. ಅದೇ ಆಸ್ಪತ್ರೆಯ ಕೆಳಮಹಡಿಯ ವ್ಯಾಯಾಮದ ಕೋಣೆ. ಎರಡು ಕಬ್ಬಿಣದ ಸರಳುಗಳ ನಡುವೆ ಭಾವ ವೀಲ್‌ಚೇರಿನಲ್ಲಿ ಕೂತಿದ್ದರು. ನಾನು ಎಡಗಡೆಯ ಸರಳಿನ ಹೊರಗೆ, ಅವರಿಂದ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿದ್ದೆ. ಸರಳುಗಳ ಆಚೆ ತುದಿಯಲ್ಲಿ ಅಕ್ಕನೂ ಹುಡುಗಿಯೂ ನಿಂತಿದ್ದರು. ಎದುರಿನ ಬೆಂಚಿನಲ್ಲಿ ದೌಲತಾಬಾದಿನ ಒಬ್ಬ ಅಜ್ಜ ಕೂತಿದ್ದರು. ಕೋಟೆಯ ಬಾಗಿಲಿನ ರಸ್ತೆಯಲ್ಲಿ ಸೀತಾಫಲ, ಪೇರಲ ಮಾರುವವರು. ತೊಡೆಯ ಮೂಳೆ ಮುರಿದು ಆಸ್ಪತ್ರೆಯಲ್ಲಿ ಭಾವನ ಪಕ್ಕದ ಹಾಸಿಗೆಯಲ್ಲಿದ್ದವರು. ಆಗಲೇ ಕೋಲು ಹಿಡಿದು ನಡೆಯುತ್ತಿದ್ದರು.

ವ್ಯಾಯಾಮ ಮಾಡಿಸುವ ಮ್ಯಾಡಂ, "ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ಏಳಿ" ಎಂದರು. ಭಾವ ಸರಳು ಹಿಡಿದರು. ಏಳಲಿಲ್ಲ. ಬೆವರು ಕಿವಿಯ ಹಿಂದಿನಿಂದ ಇಳಿಯುವುದು ನನಗೆ ಕಾಣುತ್ತಿತ್ತು.

"ಏನು ಅಣ್ಣಾ, ಹೋಟೆಲಿನಲ್ಲಿ ಕೂತೂ ಕೂತೂ ಕುರ್ಚಿಗೆ ಅಂಟಿಕೊಂಡಿದ್ದೀರಾ?" ಎಂದು ಅಜ್ಜ ಮರಾಠಿಯಲ್ಲಿ ಕೂಗಿದರು. "ನನ್ನ ಕಾಲು ನಿಮ್ಮದಕ್ಕಿಂತ ಹಳೆಯದು. ಏಳಿ, ಏಳಿ!"

"ನಿಮ್ಮದರಲ್ಲಿ ಒಂದೇ ಸರಳು ಅಜೋಬಾ. ನನ್ನದರಲ್ಲಿ ಇಡೀ ಹಾರ್ಡ್‌ವೇರ್ ಅಂಗಡಿ" ಎಂದರು ಭಾವ.

"ಹಾಗಾದರೆ ಶಟರ್ ಎತ್ತಿ!"

ಹುಡುಗಿ ನಕ್ಕಳು. ಅಕ್ಕ ನಗಲಿಲ್ಲ. ಭಾವ ಎದ್ದರು. ಮೊದಲು ಎಡಗಾಲಿನ ಮೇಲೆ. ಆಮೇಲೆ ಬಲ ಸೊಂಟ ನಿಧಾನವಾಗಿ ಕೆಳಗೆ ಇಳಿಯಿತು, ಹಿಮ್ಮಡಿ ನೆಲಕ್ಕೆ ತಾಗಿತು, ಬೆರಳುಗಳು ಅಗಲವಾದವು. ಮ್ಯಾಡಂ ಒಂದು ಕೈಯನ್ನು ಸರಳಿನಿಂದ ತೆಗೆಯಲು ಹೇಳಿದರು. ತೆಗೆದರು. ಇನ್ನೊಂದನ್ನೂ ತೆಗೆಯಲು ಹೇಳಿದರು. ಅದನ್ನೂ ತೆಗೆದರು. ಎರಡೂ ಕೈ ಗಾಳಿಯಲ್ಲಿದ್ದವು. ಅವರು ನಿಂತಿದ್ದರು. ಮುಖ ಅಕ್ಕನ ಕಡೆ ಇತ್ತು.

"ನೋವುಂಟಾ?" ಎಂದಳು ಅಕ್ಕ.

"ಇಲ್ಲ."

"ಮೊದಲೂ ಹಾಗೇ ಹೇಳ್ತಾ ಇದ್ದಿರಿ."

"ಈಗ ನಿಜ ಹೇಳ್ತಾ ಇದ್ದೇನೆ ಮಾರಾಯ್ತಿ."

ಅವರು ಹಾಗೆ ನಿಂತದ್ದನ್ನು ಕಂಡವರು ನಾವು ಐದು ಜನ. ಅಜ್ಜ ಆ ಮಳೆಗಾಲದಲ್ಲಿ, ಕಾಲಿನಿಂದಲ್ಲ, ಜ್ವರದಿಂದ ತೀರಿಕೊಂಡರೆಂದು ಅವರ ಮಗ ಫೋನು ಮಾಡಿ ತಿಳಿಸಿದ. ವ್ಯಾಯಾಮ ಮ್ಯಾಡಂ ಅದೇ ಆಸ್ಪತ್ರೆಯಲ್ಲಿದ್ದಾರೆ. ಹುಡುಗಿ ನಾಸಿಕದಲ್ಲಿದ್ದಾಳೆ, ವರ್ಷದ ಎಕ್ಸ್‌ರೇಗೆ ಅಪ್ಪನನ್ನು ಅವಳೇ ಕರೆತರುತ್ತಾಳೆ. ಅಕ್ಕ ಇದ್ದಾಳೆ. ನಾನಿದ್ದೇನೆ.